ಎಷ್ಟು ಕೊಡ್ತಾರೆ?

ದಾವಣಗೆರೆ ಕಡೆ ಬಂದಾಗೆಲ್ಲ ನನಗೆ ಎರಡು ಪ್ರಶ್ನೆ ತಪ್ಪಿದ್ದಲ್ಲ. "ಅಲ್ಲಿ ಏನು ಕೆಲ್ಸ ಮಾಡ್ತೀಯಪ್ಪಾ?" ಅನ್ನೋದು ಮೊದಲನೆಯದು. "ಎಷ್ಟು ಕೊಡ್ತಾರೆ?" ಅನ್ನೋದು ಎರಡನೆಯದು. ಎರಡಕ್ಕೂ ಒಂದೇ ಉಸಿರಿನಲ್ಲಿ ಉತ್ತರ ಹೇಳೋಕಾಗಲ್ಲ. ಅದಕ್ಕೇ ಇವತ್ತು ಕೂತು ಬರೀತಾ ಇದೀನಿ. ಇನ್ನು ಕೇಳಿದವರಿಗೆ ಇದನ್ನೇ ಓದಿ ಅಂದುಬಿಡಬಹುದು :)

"ಬ್ಲೂಸ್ ನುಡಿಸ್ತೀನಿ" ಅಂದರೆ ನಮ್ಮೂರಲ್ಲಿ ಅದು "ಬ್ಲೌಸ್" ಅಂತ ಕೇಳಿಸುತ್ತೆ. ಒಮ್ಮೆ ಬೆಣ್ಣೆದೋಸೆ ಹೋಟೆಲಿನಲ್ಲಿ ಎದುರಿಗೆ ಕೂತ ಹಿರಿಯರೊಬ್ಬರು, ಜವಳಿ ವ್ಯಾಪಾರದವರು, ಬಹಳ ಗಂಭೀರವಾಗಿ "ಪೀಸಾ, ರೆಡಿಮೇಡಾ?" ಅಂತ ಕೇಳಿದರು. ನಾನು ಗಿಟಾರು, ಸಂಗೀತ, ಅಮೆರಿಕದ ಕರಿಯರ ಹಾಡು ಅಂತೆಲ್ಲ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, ದೋಸೆಯ ಮೇಲಿನ ಬೆಣ್ಣೆಯನ್ನು ಪಲ್ಯಕ್ಕೆ ಒರೆಸಿಕೊಂಡು, "ಅಂದ್ರೆ ಆರ್ಕೆಸ್ಟ್ರಾ ಅನ್ನು" ಅಂದರು. ಇಷ್ಟು ವರ್ಷದಲ್ಲಿ ನನ್ನ ಕೆಲಸವನ್ನು ಇಷ್ಟು ಸರಿಯಾಗಿ ಹೇಳಿದವರು ಇನ್ನೊಬ್ಬರಿಲ್ಲ. ಹೌದು, ಆರ್ಕೆಸ್ಟ್ರಾನೇ. ಗಣಪತಿ ಪೆಂಡಾಲ್ ಬದಲು ಜರ್ಮನಿಯ ಒಂದು ಸಣ್ಣ ಪಬ್ಬು, ಮಂಡಕ್ಕಿ ಮಿರ್ಚಿ ಬದಲು ಬಿಯರು. ಉಳಿದಿದ್ದು ಹೆಚ್ಚು ಕಮ್ಮಿ ಅದೇ.

ನಾನು ಹುಟ್ಟಿದ್ದು ಹರಿಹರದಲ್ಲಿ. ಹರಿಹರ ಅಂದರೆ ಹೊರಗಿನವರಿಗೆ ಹರಿಹರೇಶ್ವರ ದೇವಸ್ಥಾನ. 1224ರಲ್ಲಿ ಹೊಯ್ಸಳರ ಕಾಲದ ಪೋಲಾಳ್ವ ಕಟ್ಟಿಸಿದ್ದು. ಅರ್ಧ ಶಿವ, ಅರ್ಧ ವಿಷ್ಣು. (ವಿದೇಶದಲ್ಲಿ ಯಾರಾದರೂ ನನ್ನ ಮುಂದೆ 'ಫ್ಯೂಶನ್' ಅಂತ ದೊಡ್ಡದಾಗಿ ಮಾತಾಡಿದರೆ, ನಮ್ಮೂರಲ್ಲಿ ಅದು 800 ವರ್ಷದ ಹಿಂದೇನೇ ಆಗಿಹೋಗಿದೆ ಅಂತ ಹೇಳ್ತೀನಿ.) ಆದರೆ ಊರಿನೊಳಗಿನವರಿಗೆ ಹರಿಹರ ಅಂದರೆ ಲೇತು. 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಇಲ್ಲಿ ಶುರುವಾದ ಮೇಲೆ ಊರಿಗೆ ಊರೇ ಕಬ್ಬಿಣ ಕೊರೆಯೋದು ಕಲಿಯಿತು. ಆ ಕಾರ್ಖಾನೆ ಈಗಿಲ್ಲ, ಆದರೆ ಕಲಿತ ಕೈಗಳು ಸಣ್ಣ ಸಣ್ಣ ಶೆಡ್ಡುಗಳಲ್ಲಿ ಉಳಿದವು. ನಮ್ಮಪ್ಪ ಅಂಥ ಒಂದು ಜಾಬ್ ವರ್ಕ್ ಶೆಡ್ಡಿನಲ್ಲಿ ಟರ್ನರ್. ಮನೆಯಲ್ಲಿ ಸಂಗೀತದ ವಾಸನೆ ಇರಲಿಲ್ಲ. ರೇಡಿಯೋ ಇತ್ತು, ಅಷ್ಟೇ.

ಸಂಗೀತ ಬಂದಿದ್ದು ನಾಟಕದ ಕಡೆಯಿಂದ. ದಾವಣಗೆರೆ ಕಂಪನಿ ನಾಟಕದ ಊರು, ಚಿಂದೋಡಿ ಲೀಲಾ ಅವರ ಊರು. ನಮ್ಮ ಬೀದಿಗೆ ಬಾಡಿಗೆಗೆ ಬಂದ ಒಬ್ಬರು ಯಾವುದೋ ಕಂಪನಿಯಲ್ಲಿ ಕಾಲುಪೆಟ್ಟಿಗೆ ನುಡಿಸಿ ವಯಸ್ಸಾದ ಮೇಲೆ ಬಿಟ್ಟವರು. ಪೇಟಿ ಮಾಸ್ತರು ಅಂತಲೇ ಎಲ್ಲರೂ ಕರೀತಿದ್ದರು. ನಾನು ಹತ್ತನೇ ಕ್ಲಾಸಿನಲ್ಲಿದ್ದಾಗ ಸೆಕೆಂಡ್ ಹ್ಯಾಂಡ್ ಗಿಟಾರ್ ಇಟ್ಟುಕೊಂಡು ಅವರ ಕಟ್ಟೆ ಮೇಲೆ ಹೋಗಿ ಕೂರ್ತಿದ್ದೆ. ಅವರಿಗೆ ಗಿಟಾರ್ ಬರ್ತಿರಲಿಲ್ಲ, ನನಗೆ ಸ್ವರ ಬರ್ತಿರಲಿಲ್ಲ. "ಕಪ್ಪು ಒಂದು ಹಿಡಿ", "ಬಿಳಿ ನಾಲ್ಕಕ್ಕೆ ಬಾ" ಅಂತ ಹೇಳೋರು, ನಾನು ಹುಡುಕಿ ಹಿಡಿಯೋನು. ಆಮೇಲೆ ಅವರು ಹೇಳಿಕೊಟ್ಟಿದ್ದು ಒಂದೇ ಒಂದು ಪಾಠ. ಹಾಡೋನು ಎಲ್ಲಿಗೆ ಹೋಗ್ತಾನೋ ಅಲ್ಲಿಗೆ ಹೋಗು, ಅವನಿಗಿಂತ ಮೊದಲು ಹೋಗಬೇಡ, ಅವನು ಬಿದ್ದರೆ ಕೆಳಗೆ ಕೈಕೊಡು. ನಾಟಕದಲ್ಲಿ ನಟ ಮಾತು ಮರೆತರೆ ಪೆಟ್ಟಿಗೆಯವನು ತುಂಬಬೇಕು, ಜನ "ಒನ್ಸ್ ಮೋರ್" ಅಂತ ಕೂಗಿದರೆ ಅದೇ ಹಾಡನ್ನ ಹೊಸದು ಅನ್ನಿಸೋ ಹಾಗೆ ಮತ್ತೆ ಎತ್ತಬೇಕು. ನಟನಿಗೆ ಗಂಟಲು ಕಟ್ಟಿದ ದಿನ ಹೇಳದೇನೇ ಅರ್ಧ ಮನೆ ಇಳಿಸಬೇಕು.

ನಾನು ಆರ್ಕೆಸ್ಟ್ರಾ ಸೇರಿದೆ. ತೊಂಬತ್ತರ ದಶಕದ ಮೊದಲ ವರ್ಷಗಳು. ಗಣಪತಿ ಹಬ್ಬ, ಮದುವೆ, ದುಗ್ಗಮ್ಮನ ಜಾತ್ರೆ. 1990ರಲ್ಲಿ 'ಸಂತ ಶಿಶುನಾಳ ಶರೀಫ' ಸಿನಿಮಾ ಬಂದಿತ್ತಲ್ಲ, ಅಶ್ವಥ್ ಹಾಡಿದ ಶರೀಫರ ಪದಗಳಿಲ್ಲದೆ ಯಾವ ಕಾರ್ಯಕ್ರಮವೂ ಮುಗೀತಿರಲಿಲ್ಲ. ಆಗ ಒಬ್ಬ ಡ್ರಮ್ಮರ್ ಗೆಳೆಯ ಬೆಂಗಳೂರಿಂದ ಒಂದು ಕ್ಯಾಸೆಟ್ ತಂದ. ಒಂದು ಕಡೆ ಮಡ್ಡಿ ವಾಟರ್ಸ್, ಇನ್ನೊಂದು ಕಡೆ ಜಾನ್ ಲೀ ಹೂಕರ್, ಕಾಪಿಯ ಕಾಪಿಯ ಕಾಪಿ. ಮಳೆ ಬರ್ತಿರೋ ಹಾಗೆ ಸದ್ದು. ಒಂದಕ್ಷರ ಇಂಗ್ಲಿಷ್ ಅರ್ಥವಾಗಲಿಲ್ಲ. ಆದರೆ ಹಾಡೋನು ಒಂದು ಮಾತು ಹೇಳಿದ, ಗಿಟಾರ್ ಉತ್ತರ ಕೊಟ್ಟಿತು, ಅದೇ ಮಾತು ಮತ್ತೆ ಹೇಳಿದ, ಗಿಟಾರ್ ಬೇರೆ ಉತ್ತರ ಕೊಟ್ಟಿತು. ಅರೆ, ಇದು ನಮ್ಮ ಪೇಟಿ ಮಾಸ್ತರ ಕೆಲಸ ಅಲ್ವಾ ಅನ್ನಿಸ್ತು.

ಗೊತ್ತಿಲ್ಲದವರಿಗೆ ಎರಡು ಮಾತಲ್ಲಿ ಹೇಳ್ತೀನಿ. ಬ್ಲೂಸಿನ ಸಾಮಾನ್ಯ ಅಚ್ಚು ಹನ್ನೆರಡು ಬಾರುಗಳದ್ದು, ಅಂದರೆ ಹನ್ನೆರಡು ಆವರ್ತ ಅಂದುಕೊಳ್ಳಿ. ಮೂರೇ ಕಾರ್ಡು. ಮೊದಲ ಸಾಲು, ಅದೇ ಸಾಲು ಮತ್ತೆ, ಆಮೇಲೆ ಮೂರನೇ ಸಾಲಲ್ಲಿ ಜವಾಬು. ಸ್ವರದ ವಿಷಯಕ್ಕೆ ಬಂದರೆ ಗಾಂಧಾರದಲ್ಲೇ ಎಲ್ಲ ಆಟ. ಕೋಮಲ ಗಾಂಧಾರವೂ ಅಲ್ಲ ಶುದ್ಧ ಗಾಂಧಾರವೂ ಅಲ್ಲ, ಎರಡರ ನಡುವೆ ಎಲ್ಲೋ ನಿಂತು ಒದ್ದಾಡುತ್ತೆ. ಪಿಯಾನೋದಲ್ಲಿ ಆ ಜಾಗ ಇಲ್ಲ, ಪಾಪ ಪೇಟಿಯಲ್ಲೂ ಇಲ್ಲ. ತಂತಿ ಎಳೆದರೆ ಸಿಗುತ್ತೆ, ಗಂಟಲಲ್ಲಿ ಸಿಗುತ್ತೆ. ಕಿವಿಗೆ ಗಮಕ ಅಭ್ಯಾಸವಾದ ನಮಗೆ ಆ ಜಾಗ ಅಪರಿಚಿತವೇನಲ್ಲ.

ಮಡ್ಡಿ ವಾಟರ್ಸ್ ಕಥೆ ಆಮೇಲೆ ಓದಿದೆ. ಮಿಸಿಸಿಪ್ಪಿಯ ಕ್ಲಾರ್ಕ್ಸ್‌ಡೇಲ್ ಹತ್ತಿರದ ಹತ್ತಿ ತೋಟದಲ್ಲಿ ದುಡೀತಿದ್ದ ಆಳು. 1941ರಲ್ಲಿ ಅಲನ್ ಲೋಮ್ಯಾಕ್ಸ್ ಅನ್ನೋ ಸಂಗ್ರಾಹಕ ಅಲ್ಲಿಗೆ ಹೋಗಿ ಅವನ ಹಾಡು ಮುದ್ರಿಸಿಕೊಂಡ. ನಮ್ಮ ಹರಿಹರಕ್ಕೆ ಲೇತ್ ಬಂದ ವರ್ಷವೇ! 1943ರಲ್ಲಿ ಮಡ್ಡಿ ರೈಲು ಹತ್ತಿ ಶಿಕಾಗೋ ಸೇರಿದ. ಕಾರ್ಖಾನೆಯಲ್ಲಿ ದುಡಿದ, ಲಾರಿ ಓಡಿಸಿದ, ರಾತ್ರಿ ನುಡಿಸಿದ. ಹತ್ತಿ ಮಿಲ್ಲುಗಳು ಬೆಳೆಸಿ, ಆಮೇಲೆ ಮಿಲ್ಲುಗಳು ಮುಚ್ಚಿಹೋದ ದಾವಣಗೆರೆಯವನಿಗೆ ಈ ಕಥೆಗೆ ಟಿಪ್ಪಣಿ ಬೇಕಾಗಿಲ್ಲ. ಇನ್ನೊಂದು ವಿಷಯ. ಬ್ಲೂಸಿನ ಹಳೆಯ ಹೆಸರುಗಳನ್ನ ನೋಡಿ: ಬ್ಲೈಂಡ್ ಲೆಮನ್ ಜೆಫರ್ಸನ್, ಬ್ಲೈಂಡ್ ವಿಲ್ಲಿ ಜಾನ್ಸನ್, ಬ್ಲೈಂಡ್ ವಿಲ್ಲಿ ಮೆಕ್‌ಟೆಲ್, ಬ್ಲೈಂಡ್ ಬ್ಲೇಕ್. ಕಣ್ಣಿಲ್ಲದ ಬಡವನಿಗೆ ಹೊಲದಲ್ಲಿ ಕೂಲಿ ಇಲ್ಲ, ಹಾಡಿದರೆ ಊಟ. ಓದುವಾಗ ನನಗೆ ಗದಗಿನ ವೀರೇಶ್ವರ ಪುಣ್ಯಾಶ್ರಮವೇ ಕಣ್ಣಮುಂದೆ. ಪಂಚಾಕ್ಷರಿ ಗವಾಯಿಗಳು, 2010ರಲ್ಲಿ ತೀರಿಕೊಂಡ ಪುಟ್ಟರಾಜ ಗವಾಯಿಗಳು, ಇಬ್ಬರೂ ಅಂಧರು. ಅವರ ನೆರಳಲ್ಲಿ ಎಷ್ಟೋ ಅಂಧ ಮಕ್ಕಳು ಸಂಗೀತ ಕಲಿತು ಹೊಟ್ಟೆ ಹೊರೆದುಕೊಂಡರು. ಅಲ್ಲಿ ಅಂಥ ಆಶ್ರಮ ಇರಲಿಲ್ಲ, ರಸ್ತೆ ಮೂಲೆ ಇತ್ತು.

ಸರಿ, ವಿದೇಶಕ್ಕೆ ಬರೋಣ. ಬೆಂಗಳೂರಿನ ಹೋಟೆಲು, ಆಮೇಲೆ ಐದು ವರ್ಷ ಗಲ್ಫಿನ ಹೋಟೆಲಿನಲ್ಲಿ ಊಟದ ಹೊತ್ತಿನ ಬ್ಯಾಂಡು. ಅದರ ಬಗ್ಗೆ ಬರೆಯೋಕೆ ಏನೂ ಇಲ್ಲ. ಜನ ಸೂಪ್ ಕುಡೀತಾರೆ, ನಾವು ನುಡಿಸ್ತೀವಿ. ಅಲ್ಲಿ ಸಿಕ್ಕ ಒಬ್ಬ ಜರ್ಮನ್ ಬಾಸ್ ವಾದಕನಿಂದ 2008ರಲ್ಲಿ ಯುರೋಪಿನ ದಾರಿ ತೆರೀತು. ಆವತ್ತಿಂದ ವರ್ಷಕ್ಕೆ ಎರಡು ಟೂರು. ಷೆಂಗೆನ್ ಲೆಕ್ಕದಲ್ಲಿ 180 ದಿನದಲ್ಲಿ 90 ದಿನ ಮಾತ್ರ ಇರಬಹುದು, ಹಾಗಾಗಿ ನನ್ನ ವರ್ಷ ಅರ್ಧ ಹರಿಹರ, ಅರ್ಧ ವ್ಯಾನು.

ವ್ಯಾನೇ ನನ್ನ ಆಫೀಸು. ಐದು ಜನ, ಎರಡು ಆಂಪು, ಡ್ರಮ್ಸು, ಸಾಕ್ಸಿನ ವಾಸನೆ. ನವೆಂಬರಿನ ಚಳಿಯಲ್ಲಿ ಸಾಮಾನು ಇಳಿಸಿದ ಮೇಲೆ ಬೆರಳು ಅರ್ಧ ಗಂಟೆ ಮರದ ಹಾಗೆ. ವಿಮಾನದಲ್ಲಿ ಗಿಟಾರ್ ಮೇಲೆ ಹತ್ತುತ್ತೋ ಕೆಳಗೆ ಹೋಗುತ್ತೋ ಅನ್ನೋದು ಆವತ್ತಿನ ಗೇಟಿನಲ್ಲಿ ನಿಂತವರ ಮೂಡಿನ ಮೇಲೆ. ಇನ್ನೊಂದು ತಮಾಷೆ ಕೇಳಿ. ನನ್ನ ಗಿಟಾರಿನ ಬೆರಳುಹಲಗೆ ಬೀಟೆ ಮರದ್ದು, ನಮ್ಮ ಪಶ್ಚಿಮ ಘಟ್ಟದಲ್ಲೂ ಬೆಳೆಯೋ ಮರ. 2017ರ ಜನವರಿಯಲ್ಲಿ ಬೀಟೆ ಜಾತಿಯ ಮರಗಳೆಲ್ಲ ಅಂತಾರಾಷ್ಟ್ರೀಯ ವನ್ಯಜೀವಿ ವ್ಯಾಪಾರದ ಒಪ್ಪಂದದ ಪಟ್ಟಿಗೆ ಬಂದವು. ಕೈಯಲ್ಲಿ ಹೊತ್ತೊಯ್ಯುವ ವಾದ್ಯಕ್ಕೆ ವಿನಾಯಿತಿ ಇದ್ದರೂ ಗಡಿ ದಾಟುವಾಗೆಲ್ಲ ವಾದ್ಯಗಾರರ ಎದೆ ಡವಡವ. 2019ರ ನವೆಂಬರಿನಲ್ಲಿ ತಯಾರಾದ ವಾದ್ಯಗಳನ್ನ ಪಟ್ಟಿಯಿಂದ ಬಿಟ್ಟರು. ಆ ಮೂರು ವರ್ಷ ನನ್ನ ವೀಸಾಕ್ಕಿಂತ ನನ್ನ ಗಿಟಾರಿನ ಮರದ ಬಗ್ಗೆಯೇ ನನಗೆ ಜಾಸ್ತಿ ಚಿಂತೆ ಇತ್ತು. ಇಬ್ಬರೂ ಮಲೆನಾಡಿನ ಅಂಚಿನವರೇ.

ಆದರೆ ನಿಜವಾದ ಕಷ್ಟ ಚಳಿಯಲ್ಲ, ಲಗೇಜಲ್ಲ. "ನೀವು ಇಂಡಿಯಾದವರು, ಸಿತಾರ್ ಯಾಕೆ ನುಡಿಸಲ್ಲ?" ಅನ್ನೋ ಪ್ರಶ್ನೆ. ಒಬ್ಬ ಆಯೋಜಕ ಪೋಸ್ಟರಿಗೆ ಪೇಟ ಕಟ್ಟಿಕೊಂಡಿರೋ ಫೋಟೋ ಕೇಳಿದ. ಅಮೆರಿಕದ ವೀಸಾದಲ್ಲಂತೂ ಪಿ-3 ಅಂತ ಒಂದು ವರ್ಗವೇ ಇದೆ, ಸಾಂಸ್ಕೃತಿಕವಾಗಿ ವಿಶಿಷ್ಟವಾದ ಕಲೆಗೆ. ನಾನು ವೀರಗಾಸೆ ಕುಣಿದರೆ ಅದಕ್ಕೆ ನೇರ ಹೊಂದಿಕೊಳ್ತೀನಿ. ಹರಿಹರದವನು ಮಿಸಿಸಿಪ್ಪಿಯ ಹಾಡನ್ನ ಅಮೆರಿಕದವರಿಗೇ ನುಡಿಸ್ತೀನಿ ಅಂದರೆ ಯಾವ ಡಬ್ಬಿಗೆ ಹಾಕೋದು?

ಇದು ನನ್ನೊಬ್ಬನ ಗೋಳಲ್ಲ ಅನ್ನೋದೇ ಸಮಾಧಾನ. ಮಡ್ಡಿ ವಾಟರ್ಸ್ 1958ರಲ್ಲಿ ಮೊದಲ ಸಲ ಇಂಗ್ಲೆಂಡಿಗೆ ಹೋದಾಗ ಎಲೆಕ್ಟ್ರಿಕ್ ಗಿಟಾರ್ ನುಡಿಸಿದ. ಹಳ್ಳಿ ಹಾಡುಗಾರನನ್ನ ನಿರೀಕ್ಷಿಸಿದ್ದ ಎಷ್ಟೋ ಜನಕ್ಕೆ ಕಿವಿ ಕಿತ್ತುಹೋಯ್ತು. ಪಾಠ ಕಲಿತ ಅಂತ 1963ರಲ್ಲಿ ಬರೋವಾಗ ಸಾದಾ ಗಿಟಾರ್ ತಂದ. ಅಷ್ಟರಲ್ಲಿ ಅಲ್ಲಿನ ಹುಡುಗರಿಗೆಲ್ಲ ಎಲೆಕ್ಟ್ರಿಕ್ಕೇ ಬೇಕಾಗಿತ್ತು! ಅವನಿಗಿಂತ ಮೊದಲು ಬಿಗ್ ಬಿಲ್ ಬ್ರೂಂಜಿ. ಶಿಕಾಗೋದಲ್ಲಿ ಸೂಟು ಹಾಕಿ ಹಾಡೋ ಮನುಷ್ಯ, 1938ರಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲಿನಲ್ಲಿ ಅವನನ್ನ ಹೊಲದಿಂದ ಎದ್ದು ಬಂದ ರೈತ ಅನ್ನೋ ಹಾಗೆ ಪರಿಚಯಿಸಿದರು. ಕೇಳೋರಿಗೆ ತಮ್ಮ ತಲೆಯಲ್ಲಿರೋ ಚಿತ್ರ ವೇದಿಕೆ ಮೇಲೂ ಕಾಣಬೇಕು. ಎಲ್ಲ ಕಾಲದಲ್ಲೂ ಇದೇ.

ನಮ್ಮವರಲ್ಲಿ ಈ ಚಿತ್ರವನ್ನ ಎರಡು ದಾರಿಯಲ್ಲಿ ಒಡೆದವರಿದ್ದಾರೆ. ಕದ್ರಿ ಗೋಪಾಲನಾಥ್ ಅವರು ಸ್ಯಾಕ್ಸೋಫೋನಿನ ಕೀಲಿಗಳನ್ನೇ ಬದಲಾಯಿಸಿ ಅದರಿಂದ ಗಮಕ ತೆಗೆದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ, ಬಿಬಿಸಿ ಪ್ರಾಮ್ಸಿನಲ್ಲಿ ಕರ್ನಾಟಕ ಸಂಗೀತ ನುಡಿಸಿದರು. ಅಮೆರಿಕದಲ್ಲಿ ಬೆಳೆದ ಜಾಝ್ ವಾದಕ ರುದ್ರೇಶ್ ಮಹಾಂತಪ್ಪ (ದಾವಣಗೆರೆ ಮಂಡಿಪೇಟೆಯಲ್ಲಿ ಈ ಹೆಸರು ಕೂಗಿದರೆ ನಾಲ್ಕು ಜನ ತಿರುಗಿ ನೋಡ್ತಾರೆ) ಅವರ ಜೊತೆ ನುಡಿಸಿದ 'ಕಿನ್ಸ್‌ಮೆನ್' 2008ರಲ್ಲಿ ಬಂತು. ಸಿಕ್ಕರೆ ಕೇಳಿ. ಇನ್ನೊಂದು ದಾರಿ ರಘು ದೀಕ್ಷಿತ್ ಅವರದ್ದು. ಲುಂಗಿ ಉಟ್ಟು, ಗೆಜ್ಜೆ ಕಟ್ಟಿ, ಶರೀಫರ ಪದಗಳನ್ನ ಗಿಟಾರಿನ ಮೇಲಿಟ್ಟು ಹಾಡಿದ ಮನುಷ್ಯ 2011ರಲ್ಲಿ ಗ್ಲಾಸ್ಟನ್‌ಬರಿಗೆ ಹೋದರು. ನನಗೆ ಎರಡೂ ದಾರಿ ನನ್ನದಲ್ಲ ಅಂತ ಗೊತ್ತು. ನಾನು ಅಂಥ ಪ್ರತಿಭೆಯಲ್ಲ. ಬ್ಯಾಂಡಿಗೆ ಬೇಕಾದ ಗಿಟಾರಿನವನು, ಸಂಗೀತದ ಟರ್ನರ್ ಅನ್ನಿ.

ಆದರೂ ಒಂದು ರಾತ್ರಿ ಶರೀಫರನ್ನ ನಾನೂ ಹಾಡಿದೆ. ಒಂದು ಸಣ್ಣ ಊರಿನ ಪಬ್ಬು, ಮೂವತ್ತು ಜನ, ನಮ್ಮ ಹಾಡುಗಾರ್ತಿಗೆ ಜ್ವರ. ಎರಡನೇ ಸೆಟ್ಟಿಗೆ ಹಾಡು ಸಾಲದೆ ನಾನೇ ನಿಧಾನದ ಬ್ಲೂಸ್ ಒಂದರ ಮೇಲೆ ತತ್ವಪದ ಎತ್ತಿಬಿಟ್ಟೆ. ಹನ್ನೆರಡು ಬಾರಿಗೆ ಸಾಲು ಕೂರಲಿಲ್ಲ! ಒಮ್ಮೆ ಹದಿಮೂರು, ಒಮ್ಮೆ ಹದಿನಾಲ್ಕೂವರೆ. ಡ್ರಮ್ಮರ್ ಕಂಗಾಲು. ಬಾಸಿನವನು ಮಾತ್ರ ಕಣ್ಣು ಮುಚ್ಚಿ ನನ್ನ ಹಿಂದೆ ಹಿಂದೇನೇ ಬಂದ. ಮುಗಿದ ಮೇಲೆ ಅವನು ಹೇಳಿದ್ದು ನೆನಪಿದೆ. ಜಾನ್ ಲೀ ಹೂಕರ್ ಕೂಡ ಎಣಿಸ್ತಿರಲಿಲ್ಲ, ಮಾತು ಮುಗಿದಾಗ ಕಾರ್ಡ್ ಬದಲಾಯಿಸ್ತಿದ್ದ, ಹಿಂದಿರೋರು ಕಾಯಬೇಕಿತ್ತು ಅಂತ. ಹಾಡೋನು ಎಲ್ಲಿಗೆ ಹೋಗ್ತಾನೋ ಅಲ್ಲಿಗೆ ಹೋಗು! ಪೇಟಿ ಮಾಸ್ತರು ಆಗ ತೀರಿಕೊಂಡು ಬಹಳ ವರ್ಷ ಆಗಿತ್ತು. ಶಿಶುನಾಳ ನಮ್ಮ ಹರಿಹರದಿಂದ ತುಂಗಭದ್ರೆ ದಾಟಿದರೆ ಆಚೆಯ ಹಾವೇರಿ ಜಿಲ್ಲೆ. ಅದನ್ನ ಆ ಪಬ್ಬಿನಲ್ಲಿ ಯಾರಿಗೆ ಹೇಳೋದು? ಜನ ಚಪ್ಪಾಳೆ ತಟ್ಟಿದರು, ಇಬ್ಬರು ಎದ್ದು ಸಿಗರೇಟಿಗೆ ಹೋದರು.

ಈಗ ಎರಡನೇ ಪ್ರಶ್ನೆ. ಎಷ್ಟು ಕೊಡ್ತಾರೆ? ಇದನ್ನ ಅತಿ ಶ್ರದ್ಧೆಯಿಂದ ಕೇಳಿದವರು ನಮ್ಮಪ್ಪ. ಪ್ರತಿ ಫೋನಿನಲ್ಲೂ ಕೇಳೋರು. ಬೇಜಾರಾಗ್ತಿತ್ತು, ಆದರೂ ಹೇಳ್ತಿದ್ದೆ. 2020ರ ಮಾರ್ಚಿನಲ್ಲಿ ಕೊರೊನಾ ಬಂದು ಟೂರು ನಡುವೆಯೇ ನಿಂತು, ಉಳಿದ ಹನ್ನೊಂದು ಕಾರ್ಯಕ್ರಮ ರದ್ದಾಗಿ, ಮನೆಗೆ ಬಂದೆ. ಅಮ್ಮ ಹೋಗಿ ಆಗಲೇ ನಾಲ್ಕು ವರ್ಷ. ಮನೆಯಲ್ಲಿ ಅಪ್ಪ, ನಾನು, ಇಬ್ಬರೇ. ಲಾಕ್‌ಡೌನಿನ ಒಂದು ಮಧ್ಯಾಹ್ನ ಅಪ್ಪ ಟ್ರಂಕಿನಿಂದ ಒಂದು ಹಳೇ ಡೈರಿ ತೆಗೆದು ಮುಂದಿಟ್ಟರು. ನಾನು ಫೋನಿನಲ್ಲಿ ಹೇಳಿದ್ದೆಲ್ಲ ಬರೆದಿಟ್ಟಿದ್ದಾರೆ. ತಾರೀಕು, ಊರಿನ ಹೆಸರು (ಜರ್ಮನ್ ಊರುಗಳು ಅಪ್ಪನ ಕನ್ನಡದಲ್ಲಿ ಹೇಗಿದ್ದವು ಅಂತ ಕೇಳಬೇಡಿ), ಎಷ್ಟು ಕೊಟ್ಟರು. ಜೊತೆಗೆ ಜಾಬ್ ಕಾರ್ಡಿನ ಹಾಗೆ ಎರಡು ಕಾಲಂ. ಸೆಟ್ಟಿಂಗ್ ಟೈಂ, ಕಟಿಂಗ್ ಟೈಂ.

ಲೇತಿನವರಿಗೆ ಇದು ಗೊತ್ತಿರುತ್ತೆ. ಕಬ್ಬಿಣ ಕೊರೆಯೋದು ಕಟಿಂಗ್. ಅದಕ್ಕೆ ಮುಂಚೆ ಜಾಬ್ ಹಿಡಿಸಿ, ಸೆಂಟರ್ ನೋಡಿ, ಟೂಲ್ ಕಟ್ಟಿ ಮಾಡೋದೆಲ್ಲ ಸೆಟ್ಟಿಂಗ್. ಒಂದು ದಿನದ ನನ್ನ ಲೆಕ್ಕ: ಬೆಳಿಗ್ಗೆ 11ಕ್ಕೆ ಹೊರಟು ರಾತ್ರಿ ಎರಡೂವರೆಗೆ ರೂಮು ಸೇರಿದ್ದು, ಒಟ್ಟು ಹದಿನೈದೂವರೆ ಗಂಟೆ. ನುಡಿಸಿದ್ದು ಒಂದೂವರೆ ಗಂಟೆ. ಅಪ್ಪ ಬರೆದಿದ್ದು: ಸೆಟ್ಟಿಂಗ್ 14, ಕಟಿಂಗ್ 1.5. ಬಂದಿದ್ದು 120 ಯೂರೋ. ಗಂಟೆಗೆ ಎಂಟು ಯೂರೋಗೂ ಕಮ್ಮಿ. ಜರ್ಮನಿಯಲ್ಲಿ 2015ರಲ್ಲಿ ಕನಿಷ್ಠ ಕೂಲಿ ಜಾರಿಗೆ ಬಂದಾಗಲೇ ಗಂಟೆಗೆ 8.50 ಯೂರೋ. ಅದು ಸಂಬಳದವರಿಗೆ, ನಮ್ಮಂಥವರಿಗಲ್ಲ. ಊಟ, ರೂಮು ಅವರೇ ಕೊಟ್ಟಿದ್ದರು, ನಿಜ. ಹೊರದೇಶದ ಕಲಾವಿದರಿಗೆ ಅಲ್ಲಿ ತೆರಿಗೆ ಕಡಿತವಿದೆ, ಒಂದು ಕಾರ್ಯಕ್ರಮಕ್ಕೆ 250 ಯೂರೋವರೆಗಾದರೆ ಇಲ್ಲ. ನಮಗೆ ಆ ಗಡಿ ದಾಟೋ ಭಾಗ್ಯ ಬಂದಿದ್ದು ಅಪರೂಪ.

ಡೈರಿ ನೋಡಿ ನನಗೆ ಏನನ್ನಿಸ್ತು ಅಂತ ಹೇಳೋದು ಕಷ್ಟ. ಅಪ್ಪ ಹಂಗಿಸ್ತಿದ್ದಾರೆ ಅಂತ ಮೊದಲು ಅನ್ನಿಸ್ತು. ಆದರೆ ಅವರು ಕನ್ನಡಕ ಸರಿಮಾಡಿಕೊಂಡು, "ಸೆಟ್ಟಿಂಗ್ ಟೈಮಿಗೆ ಯಾರೂ ದುಡ್ಡು ಕೊಡಲ್ಲೋ. ನಮಗೂ ಕೊಡ್ತಿರಲಿಲ್ಲ" ಅಂದರು. ಅಷ್ಟೇ. ಮೂವತ್ತು ವರ್ಷದಲ್ಲಿ ಮೊದಲ ಸಲ ನಾವಿಬ್ಬರೂ ಒಂದೇ ಕಸುಬಿನವರ ಹಾಗೆ ಕೂತಿದ್ದೆವು.

ಅಪ್ಪ ನನ್ನ ವಾದ್ಯ ಸರಿಯಾಗಿ ಕೇಳಿದ್ದೇ ಇಲ್ಲ. ಕೆಲಸದಲ್ಲಿದ್ದಾಗ ಬಿಡುವಿರಲಿಲ್ಲ, ಬಿಡುವಾದಾಗ ಕಿವಿ ಮಂದವಾಗಿತ್ತು. ವಯಸ್ಸಾದವರ ಕಿವಿಯಲ್ಲಿ ಮೊದಲು ಹೋಗೋದು ತಾರದ ಸದ್ದು, ಮಂದ್ರ ಉಳಿಯುತ್ತೆ. ಹಕ್ಕಿ ಕೂಗು ಕೇಳಲ್ಲ, ಲಾರಿ ಕೇಳುತ್ತೆ. ಹಾಗಾಗಿ ಮೇಲಿನ ತಂತಿಗಳಲ್ಲಿ ನಾನು ಎಷ್ಟು ಸರ್ಕಸ್ ಮಾಡಿದರೂ ಅವರಿಗೆ ನಿಶ್ಶಬ್ದ. ಆ ಹದಿನಾಲ್ಕು ತಿಂಗಳು ಮನೆಯಲ್ಲಿದ್ದಾಗ ಕೆಳಗಿನ ಎರಡು ತಂತಿಯ ಮೇಲೆ ಮಾತ್ರ ನುಡಿಸೋದು ಅಭ್ಯಾಸ ಮಾಡಿದೆ. ಅಪ್ಪ ಆಂಪಿನ ಮೇಲೆ ಅಂಗೈ ಇಟ್ಟುಕೊಂಡು ಕೂರೋರು, ಮಷೀನಿನ ಬೇರಿಂಗ್ ಸರಿಯಿದೆಯಾ ಅಂತ ಮುಟ್ಟಿ ನೋಡೋ ಹಾಗೆ. ಒಂದು ದಿನ "ಇವತ್ತು ಎಲ್ಲೋ ಓಡ್ತಿದೀಯ" ಅಂದರು. ಹೌದು, ಲಯ ಓಡ್ತಿತ್ತು. ಇಷ್ಟು ಕರಾರುವಾಕ್ಕಾದ ವಿಮರ್ಶೆ ನನಗೆ ಎಲ್ಲೂ ಸಿಕ್ಕಿಲ್ಲ. ಅಲ್ಲಿಂದ ನನ್ನ ನುಡಿಸಾಣಿಕೆಯೇ ಬದಲಾಯ್ತು. ಕಮ್ಮಿ ಸ್ವರ, ಕೆಳಗಿನ ಸ್ವರ, ಜಾಸ್ತಿ ಜಾಗ. ಮತ್ತೆ ಟೂರಿಗೆ ಹೋದಾಗ ಬಾಸಿನವನು "ನನ್ನ ಜಾಗಕ್ಕೆ ಯಾಕೆ ಬರ್ತಿದೀಯ?" ಅಂತ ಜಗಳಕ್ಕೇ ಬಂದ :)

ಈಗಿರೋ ಪ್ರಶ್ನೆ ಬೇರೆ. ಅಪ್ಪನಿಗೆ ಎಂಬತ್ತೆರಡು. ಅರ್ಧ ವರ್ಷ ಬಿಟ್ಟು ಹೋಗೋ ಹಾಗಿಲ್ಲ. ನನಗೆ ಪಿಎಫ್ ಇಲ್ಲ, ಪೆನ್ಷನ್ ಇಲ್ಲ. ದಾವಣಗೆರೆಯಲ್ಲಿ ವಾರಕ್ಕೆ ನಾಲ್ಕು ದಿನ ಮಕ್ಕಳಿಗೆ ಗಿಟಾರ್ ಹೇಳಿಕೊಟ್ಟು ಬಸ್ಸಿನಲ್ಲಿ ಹರಿಹರಕ್ಕೆ ವಾಪಸ್. ಹದಿನೈದು ಜನ ಮಕ್ಕಳು, ಬಹಳ ಜನಕ್ಕೆ ಸಿನಿಮಾ ಹಾಡು ಬೇಕು, ಅದರಲ್ಲಿ ತಪ್ಪೇನಿಲ್ಲ, ನಾನೂ ಹಾಗೇ ಶುರು ಮಾಡಿದ್ದು. ಒಬ್ಬಳು ಹುಡುಗಿ ಮಾತ್ರ ಆ ನಡುವಿನ ಗಾಂಧಾರಕ್ಕೆ ತಂತಿ ಎಳೆದು ಅಲ್ಲೇ ನಿಲ್ಲಿಸ್ತಾಳೆ, ಹೇಳಿಕೊಡದೇನೇ. ಅವಳಪ್ಪ ಎಪಿಎಂಸಿಯಲ್ಲಿ ಹಮಾಲಿ. ಫೀಸು ಎಷ್ಟು ಅಂತ ಕೇಳೋಕೆ ಬಂದವರಿಗೆ ನಾನು ಆವತ್ತು ಬೇರೆ ಮಾತಾಡಿ ಕಳಿಸಿದೆ.

ಟೂರು ಪೂರ್ತಿ ಬಿಡೋಕೆ ಆಗ್ತಿಲ್ಲ. ಹೊಟ್ಟೆಪಾಡು ಅಂತ ಹೇಳಿದರೆ ಸುಳ್ಳಾಗುತ್ತೆ, ಡೈರಿಯೇ ಸಾಕ್ಷಿಯಿದೆ. ಈ ಸಲ ವರ್ಷಕ್ಕೆ ಒಂದೇ ಅಂತ ಮಾಡಿಕೊಂಡಿದೀನಿ, ಇಪ್ಪತ್ಮೂರು ದಿನ, ಹದಿನೇಳು ಕಾರ್ಯಕ್ರಮ. ರಾತ್ರಿ ಮಲಗೋಕೆ ಪಕ್ಕದ ಮನೆ ಹುಡುಗ ಬರ್ತಾನೆ. ಆಂಪು ಹರಿಹರದಲ್ಲೇ ಇರುತ್ತೆ, ನಾನು ಅಲ್ಲಿಂದ ಕಳಿಸೋ ರೆಕಾರ್ಡಿಂಗನ್ನ ಅದಕ್ಕೇ ಹಾಕಿ ಕೇಳಿಸೋದು ಹೇಗೆ ಅಂತ ಹುಡುಗನಿಗೆ ಹೇಳಿಕೊಟ್ಟಿದೀನಿ. ಟ್ರೆಬಲ್ ಸೊನ್ನೆ, ಬಾಸ್ ಎಂಟು. ಅಪ್ಪ ಈ ವರ್ಷದ ಡೈರಿ ತರಿಸಿಕೊಂಡಿದಾರೆ.

ಅಂದಹಾಗೆ, ದಾವಣಗೆರೆ, ರಾಣೆಬೆನ್ನೂರು, ಹಾವೇರಿ ಕಡೆಯ ಹಳೇ ಕಂಪನಿ ನಾಟಕದ ಪೇಟಿ ಮಾಸ್ತರುಗಳ ಕ್ಯಾಸೆಟ್ಟು, ರೆಕಾರ್ಡಿಂಗು ಯಾರ ಮನೆಯಲ್ಲಾದರೂ ಇದ್ದರೆ ದಯವಿಟ್ಟು ತಿಳಿಸಿ. ಹಾಡು ಇಲ್ಲದಿದ್ದರೂ ಪರವಾಗಿಲ್ಲ, ಹಿಂದಿನ ಪೆಟ್ಟಿಗೆ ಕೇಳಿಸಿದರೆ ಸಾಕು.